ಏಕಾದಶಿಯೂ ತೂಕದ ತಕ್ಕಡಿಯೂ

ಕಳೆದ ಚಾತುರ್ಮಾಸ್ಯದ ಒಂದು ಏಕಾದಶಿಯ ಸಂಜೆ, ನಮ್ಮ ಶಾಖೆಯಲ್ಲಿ ಪ್ರವಚನ ಮುಗಿದು ಮಂಗಳಾರತಿಯಾದ ಮೇಲೆ, ಬಾಂದ್ರಾ-ಕುರ್ಲಾ ಸಂಕೀರ್ಣದ ಕಚೇರಿಯೊಂದರಲ್ಲಿ ಉದ್ಯೋಗದಲ್ಲಿರುವ ತರುಣನೊಬ್ಬ ಉಪನ್ಯಾಸಕರ ಬಳಿ ಬಂದು ವಿನಯದಿಂದಲೇ ಒಂದು ಮಾತು ಕೇಳಿದ. "ಆಚಾರ್ಯರೇ, ನಾನು ದಿನವೂ ಹದಿನಾರು ಗಂಟೆ ಉಪವಾಸ ಇರ್ತೇನೆ. ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರೊಳಗೆ ಮಾತ್ರ ಆಹಾರ. ನಾಲ್ಕು ಕಿಲೋ ಇಳಿದಿದ್ದೇನೆ. ಇದೂ ಒಂದು ಉಪವಾಸವೇ ಅಲ್ಲವೇ?" ಆಚಾರ್ಯರು ನಕ್ಕು, "ಏಕಾದಶಿಯ ದಿನ ಹನ್ನೆರಡು ಗಂಟೆಗೆ ಏನು ಮಾಡ್ತೀಯಪ್ಪಾ?" ಎಂದರು. ತರುಣನೂ ನಕ್ಕ, ನೆರೆದವರೂ ನಕ್ಕರು.

ನನಗೆ ಮಾತ್ರ ನಗು ಪೂರ್ತಿಯಾಗಿ ಬರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ನನ್ನ ಮಾವನವರು, ಎಪ್ಪತ್ತನಾಲ್ಕು ವರ್ಷದವರು, ಅದರ ಹಿಂದಿನ ವರ್ಷದ ಒಂದು ಏಕಾದಶಿಯಂದು ಎಂದಿನಂತೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬೆಳಗ್ಗೆ ತೀರ್ಥದ ಜೊತೆಗೇ ನುಂಗಿ, ಮತ್ತೇನನ್ನೂ ಸೇವಿಸದೆ ಹೊರಟು, ಬಾಂದ್ರಾ ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲಲ್ಲಿ ಕುಸಿದು ಬಿದ್ದವರು. ತರುಣನ ಉಪವಾಸಕ್ಕೂ ಮಾವನವರ ಉಪವಾಸಕ್ಕೂ ಹೆಸರು ಒಂದೇ. ಎರಡರ ಉದ್ದೇಶ ಬೇರೆ, ಎರಡರ ಅಪಾಯವೂ ಬೇರೆ. ಈಗ ಎಲ್ಲೆಡೆ ಕೇಳಿಬರುವ 'ಇಂಟರ್‌ಮಿಟೆಂಟ್ ಫಾಸ್ಟಿಂಗ್' ತೂಕ ಇಳಿಸುವುದಕ್ಕೆ ಆರೋಗ್ಯಕರವಾದ ಮಾರ್ಗವೇ ಎಂಬ ಪ್ರಶ್ನೆಯನ್ನು, ಉಪವಾಸದ ಇತಿಹಾಸದ ಬೆಳಕಿನಲ್ಲಿ ಸ್ವಲ್ಪ ವಿಚಾರ ಮಾಡಬೇಕೆನಿಸಿದ್ದು ಆ ಸಂಜೆಯೇ.

ಮೊದಲಿಗೆ ನಮ್ಮ ವ್ರತದ ಸ್ವರೂಪವನ್ನು ನೆನಪಿಸಿಕೊಳ್ಳೋಣ. ಶ್ರೀಮದಾನಂದತೀರ್ಥ ಭಗವತ್ಪಾದರು 'ಕೃಷ್ಣಾಮೃತಮಹಾರ್ಣವ'ದಲ್ಲಿ ಪುರಾಣವಚನಗಳನ್ನು ಸಂಗ್ರಹಿಸಿ ಏಕಾದಶಿಯ ಮಹಿಮೆಯನ್ನೂ, ದಶಮೀವಿದ್ಧವಾದ ಏಕಾದಶಿಯನ್ನು ತ್ಯಜಿಸಬೇಕೆಂಬ ನಿರ್ಣಯವನ್ನೂ ಅನುಗ್ರಹಿಸಿದ್ದಾರೆ. ದಶಮಿಯಂದು ಒಪ್ಪೊತ್ತು, ಏಕಾದಶಿಯಂದು ನಿರಾಹಾರ, ದ್ವಾದಶಿಯ ಪ್ರಾತಃಕಾಲದಲ್ಲಿ ಪಾರಣೆ, ಆ ರಾತ್ರಿ ಮತ್ತೆ ಊಟವಿಲ್ಲ. ಹೀಗೆ ಮೂರು ದಿನಗಳಲ್ಲಿ ನಾಲ್ಕು ಹೊತ್ತಿನ ಊಟವನ್ನು ಬಿಡುವುದು ಪೂರ್ಣಕ್ರಮ. ದಶಮಿಯ ಮಧ್ಯಾಹ್ನ ಒಂದು ಗಂಟೆಗೆ ಎಲೆಯಿಂದೆದ್ದವರು ದ್ವಾದಶಿಯ ಬೆಳಗ್ಗೆ ಏಳಕ್ಕೆ ಪಾರಣೆ ಮಾಡಿದರೆ ನಡುವೆ 42 ಗಂಟೆಗಳು ಕಳೆದಿರುತ್ತವೆ. ವರ್ಷಕ್ಕೆ ಇಪ್ಪತ್ತನಾಲ್ಕು ಏಕಾದಶಿಗಳು, ಅಧಿಕಮಾಸ ಬಂದರೆ ಇಪ್ಪತ್ತಾರು. ದಿನಕ್ಕೆ ಎರಡು ಊಟದಂತೆ ಸಂವತ್ಸರಕ್ಕೆ ಸುಮಾರು 720 ಊಟಗಳೆಂದು ಹಿಡಿದರೆ, ಅವುಗಳಲ್ಲಿ 96 ಊಟಗಳು ಬಿಟ್ಟುಹೋದವು. ಎಂದರೆ ಎಂಟರಲ್ಲಿ ಒಂದು ಪಾಲಿಗೂ ತುಸು ಹೆಚ್ಚು. ಲೆಕ್ಕ ನೋಡಿದರೆ ಇದು ಇಂದಿನ ಯಾವ ಪಥ್ಯಕ್ರಮಕ್ಕೂ ಕಡಿಮೆಯದಲ್ಲ. ಆದರೂ ಈ ವ್ರತದ ಫಲಗಳನ್ನು ಹೇಳುವಲ್ಲಿ ಪಾಪಕ್ಷಯವನ್ನು, ಹರಿಪ್ರೀತಿಯನ್ನು ಎಣಿಸಿದ ಹಿರಿಯರು, ಶರೀರ ತೆಳ್ಳಗಾಗುವುದನ್ನು ಗಣನೆಗೇ ತೆಗೆದುಕೊಂಡಿಲ್ಲ.

ಪಾರಣೆಯ ವಿಷಯದಲ್ಲಿ ಭಾಗವತದ ನವಮಸ್ಕಂಧದ ಅಂಬರೀಷೋಪಾಖ್ಯಾನ ನಮ್ಮ ಮನೆಯ ಮಕ್ಕಳಿಗೂ ತಿಳಿದದ್ದು. ದ್ವಾದಶಿ ಮುಗಿಯುತ್ತ ಬಂದಿದೆ, ಸ್ನಾನಕ್ಕೆ ಹೋದ ದೂರ್ವಾಸರು ಹಿಂದಿರುಗಿಲ್ಲ. ಅತಿಥಿಯನ್ನು ಬಿಟ್ಟು ಉಣ್ಣುವಂತಿಲ್ಲ, ಪಾರಣೆಯ ಕಾಲವನ್ನು ಮೀರುವಂತೆಯೂ ಇಲ್ಲ. ರಾಜನು ವಿದ್ವಾಂಸರನ್ನು ಕೇಳಿ ನೀರನ್ನಷ್ಟೇ ಸ್ವೀಕರಿಸುತ್ತಾನೆ. ಉಪವಾಸವನ್ನು ಹಿಡಿಯುವುದಕ್ಕೆ ಎಷ್ಟು ನಿಯಮವಿದೆಯೋ ಬಿಡುವುದಕ್ಕೂ ಅಷ್ಟೇ ನಿಯಮವಿದೆ ಎಂಬುದನ್ನು ಈ ಕಥೆಯಿಂದ ಗ್ರಹಿಸಬಹುದು. ತೂಕ ಇಳಿಸುವವರ ಉಪವಾಸ ಹೆಚ್ಚಾಗಿ ಕೆಡುವುದೂ ಇಲ್ಲಿಯೇ. ಅದನ್ನು ಮುಂದೆ ನೋಡೋಣ.

ಸ್ಥೂಲಶರೀರವನ್ನು ಇಳಿಸುವ ಪ್ರಶ್ನೆಯನ್ನು ನಮ್ಮ ಪೂರ್ವಿಕರು ವ್ರತಗ್ರಂಥಗಳಲ್ಲಿ ಚರ್ಚಿಸದೆ ವೈದ್ಯಗ್ರಂಥಗಳಲ್ಲಿ ಚರ್ಚಿಸಿದರು. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯ ಅತಿಸ್ಥೂಲ ಮತ್ತು ಅತಿಕೃಶ ದೇಹಗಳ ವಿಚಾರಕ್ಕೆ ಪ್ರಸಿದ್ಧವಾದದ್ದು. ಮುಂದಿನ ಅಧ್ಯಾಯದಲ್ಲಿ ದೇಹವನ್ನು ಹಗುರಗೊಳಿಸುವ ಲಂಘನದ ಹತ್ತು ವಿಧಗಳಲ್ಲಿ ಉಪವಾಸವೂ ಒಂದೆಂದು ಎಣಿಸಲಾಗಿದೆ. ಆದರೆ ಅತಿಸ್ಥೂಲನ ಬಗ್ಗೆ ಚರಕ ಹೇಳುವ ಒಂದು ಮಾತು ನನ್ನನ್ನು ಬೆರಗುಗೊಳಿಸಿತು. ಅಂಥವನಲ್ಲಿ ಜಠರಾಗ್ನಿ ತೀಕ್ಷ್ಣವಾಗಿರುವುದರಿಂದ ಆಹಾರ ಬೇಗ ಜೀರ್ಣವಾಗಿ ಮತ್ತೆ ಮತ್ತೆ ಹಸಿವಾಗುತ್ತದೆ. ಊಟದ ಕಾಲ ಮೀರಿದರೆ ಆತ ಘೋರವಾದ ವಿಕಾರಗಳಿಗೆ ತುತ್ತಾಗುತ್ತಾನೆ ಎನ್ನುತ್ತದೆ ಗ್ರಂಥ. ಆದ್ದರಿಂದ ಬರಿಯ ಹೊಟ್ಟೆಯಲ್ಲಿ ಕೆಡವದೆ, ಜೀರ್ಣಕ್ಕೆ ಗುರುವಾದರೂ ಮೈಗೆ ಪುಷ್ಟಿ ಕೊಡದ ಆಹಾರವನ್ನು ವಿಧಿಸುತ್ತದೆ. ಆ ಅಧ್ಯಾಯದಲ್ಲಿ ಜವೆ, ಹೆಸರು, ಹುರುಳಿ, ಮಜ್ಜಿಗೆಗಳ ಹೆಸರು ಬರುತ್ತವೆ. ಕರಾವಳಿಯ ನಮ್ಮ ಅಜ್ಜಿಯರ ಹುರುಳಿ ಸಾರನ್ನು ಮರೆತು, ದೊಡ್ಡ ಬೆಲೆ ತೆತ್ತು ಪುಡಿಯ ಡಬ್ಬಿ ತರುವ ಇಂದಿನವರಿಗೆ ಇದನ್ನು ಓದಿ ಹೇಳಬೇಕೆನಿಸುತ್ತದೆ.

ಇನ್ನು ಮುಂಬಯಿಗೆ ಬರೋಣ. ಹಡಗು ಹತ್ತಿ ಈ ನಗರಕ್ಕೆ ಬಂದ ಉಡುಪಿ ಸೀಮೆಯ ಹುಡುಗರು ಹಗಲು ಹೋಟೆಲಿನ ಒಲೆಯ ಮುಂದೆ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಅಡುಗೆಮನೆಯ ಒಂದು ಮೂಲೆಯಲ್ಲಿ ಮಲಗುತ್ತಿದ್ದ ಕಾಲವನ್ನು ಹಿರಿಯರ ಬಾಯಲ್ಲಿ ನಾವೆಲ್ಲ ಕೇಳಿದ್ದೇವೆ. ಅವರಲ್ಲಿ ಏಕಾದಶಿ ಮಾಡುವವರು ಸಾವಿರಾರು ದೋಸೆಗಳನ್ನು ಹುಯ್ದು ಇತರರಿಗೆ ಬಡಿಸಿ, ತಾವು ನೀರು ಕುಡಿದು ಮಲಗುತ್ತಿದ್ದರು. ಅವರಿಗೆ ತೂಕ ಇಳಿಸುವ ಚಿಂತೆ ಇರಲಿಲ್ಲ. ಇಳಿಯುವುದಕ್ಕೆ ಮೈಯಲ್ಲಿ ಏನಾದರೂ ಇದ್ದರಲ್ಲವೇ! 1943ರಲ್ಲಿ ಯುದ್ಧಕಾಲದ ಪಡಿತರ ವ್ಯವಸ್ಥೆ ಮುಂಬಯಿಯಲ್ಲಿ ಜಾರಿಗೆ ಬಂದಾಗ ಅಕ್ಕಿಯೇ ಅಳತೆಯ ವಸ್ತುವಾಯಿತು. ಅವರ ಮೊಮ್ಮಕ್ಕಳು ಇಂದು ಲಿಫ್ಟಿನಲ್ಲಿ ಇಳಿದು, ಕಾರಿನಲ್ಲಿ ಕುಳಿತು, ಕಚೇರಿಯಲ್ಲಿ ಮತ್ತೆ ಕುಳಿತುಕೊಳ್ಳುತ್ತಾರೆ.

ಈ ನಡುವೆ ಮುಂಬಯಿಯ ಉಪವಾಸದ ತಟ್ಟೆಯೂ ಬದಲಾಯಿತು. ನಿರಾಹಾರ ಸಾಧ್ಯವಾಗದ ಮನೆಗಳಲ್ಲಿ ನೆರೆಹೊರೆಯ ಮರಾಠಿ ಪದ್ಧತಿಯ 'ಉಪ್ವಾಸ' ಪ್ರವೇಶಿಸಿತು. ಸಬ್ಬಕ್ಕಿಯ ಖಿಚಡಿ, ಸಬ್ಬಕ್ಕಿಯ ವಡೆ, ಬಟಾಟೆಯ ಪಲ್ಯ, ಶೇಂಗಾ ಉಂಡೆ ಎಲ್ಲವೂ ಬಂದವು. ನಮ್ಮವರದೇ ಹೋಟೆಲುಗಳಲ್ಲಿ ಆಷಾಢ ಏಕಾದಶಿಯಂದು ಇವುಗಳಿಗೆ ಸಾಲು ನಿಲ್ಲುವುದನ್ನು ನೋಡಿದ್ದೇವೆ. ಮರಾಠಿ ಮಾತನಾಡುವವರೇ ತಮ್ಮನ್ನು ತಾವು ಹಾಸ್ಯ ಮಾಡಿಕೊಂಡು 'ಏಕಾದಶೀ, ದುಪ್ಪಟ್ ಖಾಶೀ', ಏಕಾದಶಿಯೆಂದರೆ ಇಮ್ಮಡಿ ತಿನ್ನುವುದು, ಎಂಬ ಗಾದೆಯನ್ನು ಕಟ್ಟಿದ್ದಾರೆ.

ಈ ತಟ್ಟೆಯ ಇತಿಹಾಸವೂ ಕುತೂಹಲಕರವಾದದ್ದು. ಬಾಂದ್ರಾವನ್ನೊಳಗೊಂಡ ಸಾಷ್ಟಿ ದ್ವೀಪ 1534ರ ವಸಯಿ ಒಪ್ಪಂದದಿಂದ ಪೋರ್ಚುಗೀಸರ ವಶವಾಯಿತು. ಅವರು 1640ರಲ್ಲಿ ಕಟ್ಟಿದ ಕೋಟೆಯ ಅವಶೇಷ ಇಂದಿಗೂ ಬಾಂದ್ರಾದ ಕಡಲಂಚಿನಲ್ಲಿ ನಿಂತಿದೆ. ಬಟಾಟೆ ಎಂಬ ಹೆಸರು ಅವರ ನುಡಿಯದು. ಬಟಾಟೆ, ಶೇಂಗಾ, ಹಸಿಮೆಣಸು, ಇಂದಿನ ಸಬ್ಬಕ್ಕಿಯ ಮೂಲವಾದ ಮರಗೆಣಸು, ಈ ನಾಲ್ಕೂ ಅಮೆರಿಕಾ ಖಂಡದಿಂದ ಬಂದ ಬೆಳೆಗಳು. ಸೇಲಂ ಸೀಮೆಯಲ್ಲಿ ಮರಗೆಣಸಿನಿಂದ ಸಬ್ಬಕ್ಕಿ ತಯಾರಿಸುವ ಉದ್ಯಮ ಬೆಳೆದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಮಲಯದ ಕಡೆಯ ಆಮದು ನಿಂತುಹೋದಾಗ. ಎಂದ ಮೇಲೆ, 13ನೆಯ ಶತಮಾನದಲ್ಲಿ ಉಡುಪಿಯಲ್ಲಿ ಏಕಾದಶಿ ಆಚರಿಸಿದವರು ಈ ನಾಲ್ಕರಲ್ಲಿ ಒಂದನ್ನೂ ಕಂಡವರಲ್ಲ! ಸಬ್ಬಕ್ಕಿ ಬಹುಪಾಲು ಶುದ್ಧ ಪಿಷ್ಟ. ನೂರು ಗ್ರಾಮಿನಲ್ಲಿ ಸುಮಾರು 350 ಕ್ಯಾಲೊರಿ ಇದ್ದು, ಪ್ರೋಟೀನು ಒಂದು ಗ್ರಾಮಿನಷ್ಟೂ ಇರುವುದಿಲ್ಲ. ಅದಕ್ಕೆ ತುಪ್ಪವನ್ನೂ ಶೇಂಗಾ ಪುಡಿಯನ್ನೂ ಬೆರೆಸಿದ ಮೇಲೆ ತೂಕ ಇಳಿಯುವ ಮಾತು ಎಲ್ಲಿ ಬಂತು? ಸಕ್ಕರೆ ಕಾಯಿಲೆಯವರಿಗಂತೂ ಅನ್ನಕ್ಕಿಂತ ಇದು ಒಳ್ಳೆಯದೇನಲ್ಲ.

ಮುಂಬಯಿಯಲ್ಲಿ ವ್ರತದ ಹೊರಗೂ ಉಪವಾಸ ನಡೆಯಿತು. 1921ರ ನವೆಂಬರ್ 17ರಂದು ಇಂಗ್ಲೆಂಡಿನ ಯುವರಾಜ ಇಲ್ಲಿ ಬಂದಿಳಿದಾಗ ಗಲಭೆಯೆದ್ದು ರಕ್ತಪಾತವಾಯಿತು. ಗಾಂಧೀಜಿಯವರು 19ರಂದು ಉಪವಾಸ ಹಿಡಿದು, ನಗರ ಶಾಂತವಾದ ಮೇಲೆ 22ರಂದು ಬಿಟ್ಟರು. ಸ್ವರಾಜ್ಯ ಬರುವವರೆಗೆ ಪ್ರತಿ ಸೋಮವಾರ 24 ಗಂಟೆ ಉಪವಾಸವಿರುವುದಾಗಿಯೂ ಸಂಕಲ್ಪ ಮಾಡಿದರು. 1965ರಲ್ಲಿ ಆಹಾರದ ಅಭಾವ ಒದಗಿದಾಗ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡುವಂತೆ ದೇಶಕ್ಕೆ ಕರೆಯಿತ್ತರು. ಸೋಮವಾರ ಸಂಜೆ ಹೋಟೆಲುಗಳೂ ಬಾಗಿಲು ಮುಚ್ಚುತ್ತಿದ್ದವು. ಒಂದು ಪ್ರಾಯಶ್ಚಿತ್ತಕ್ಕಾಗಿ, ಇನ್ನೊಂದು ದೇಶದ ಅನ್ನಕ್ಕಾಗಿ.

ಗಾಂಧೀಜಿಯವರ ಆತ್ಮಕಥೆಯಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಒಂದು ಅನುಭವವಿದೆ. ದಕ್ಷಿಣ ಆಫ್ರಿಕಾದಲ್ಲಿ ಅವರು ಏಕಾದಶಿಯಂಥ ದಿನಗಳಲ್ಲಿ ಮೊದಲು ಫಲಾಹಾರವಿದ್ದು, ಅನಂತರ ನೀರನ್ನಷ್ಟೇ ಕುಡಿದು ಪೂರ್ಣ ಉಪವಾಸ ಮಾಡತೊಡಗಿದರು. ಆಗ ಅವರು ಕಂಡುಕೊಂಡದ್ದು, ಉಪವಾಸದ ಮರುದಿನ ಹಸಿವು ಇನ್ನೂ ಚುರುಕಾಗಿ, ಊಟ ಇನ್ನಷ್ಟು ರುಚಿಸುತ್ತದೆ, ಸಂಯಮದ ಸಾಧನವಾದ ಉಪವಾಸ ಭೋಗದ ಸಾಧನವೂ ಆಗಬಲ್ಲದು ಎಂಬುದನ್ನು. ತೂಕದ ವೈದ್ಯರು ಹೇಳಬೇಕಾದ ಮಾತನ್ನು ಅವರು ಎಷ್ಟೋ ಮೊದಲೇ ತಮ್ಮ ನಾಲಗೆಯಿಂದಲೇ ಅರಿತಿದ್ದರು. ದ್ವಾದಶಿಯ ಬೆಳಗ್ಗೆ ನೆಲ್ಲಿಕಾಯಿ, ಅಗಸೆ ಸೊಪ್ಪು, ಹೆಸರುಬೇಳೆಯ ತೊವ್ವೆಯ ಪಾರಣೆಗೂ, ಹನ್ನೆರಡು ಬಾರಿಸುವುದನ್ನೇ ಕಾದು ವಡಾಪಾವಿಗೆ ಕೈಯಿಡುವ ಪಾರಣೆಗೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೂಕಕ್ಕಾಗಿಯೇ ಮಾಡಿದ ಉಪವಾಸದ ಅತಿ ಪ್ರಸಿದ್ಧ ಪ್ರಸಂಗವೂ 1965ರಲ್ಲೇ, ಸ್ಕಾಟ್ಲೆಂಡಿನ ಡಂಡೀ ನಗರದಲ್ಲಿ ಆರಂಭವಾಯಿತು. ಆಂಗಸ್ ಬಾರ್ಬಿಯೇರಿ ಎಂಬ 207 ಕಿಲೋ ತೂಕದ ತರುಣ ವೈದ್ಯರ ನಿಗಾದಲ್ಲಿ, ಜೀವಸತ್ತ್ವ ಮತ್ತು ಲವಣಗಳನ್ನಷ್ಟೇ ಪಡೆಯುತ್ತ 382 ದಿನ ನಿರಾಹಾರವಿದ್ದು 82 ಕಿಲೋಗೆ ಇಳಿದ. ಇದು ಅನುಕರಣೀಯವಲ್ಲ, ಆ ದಶಕದ ಇಂಥ ದೀರ್ಘ ಉಪವಾಸ ಚಿಕಿತ್ಸೆಗಳಲ್ಲಿ ರೋಗಿಗಳು ಪ್ರಾಣ ಕಳೆದುಕೊಂಡದ್ದೂ ಉಂಟು, ವೈದ್ಯರು ಅದನ್ನು ಕೈಬಿಟ್ಟರು. ಈಗಿನ ಸೌಮ್ಯ ರೂಪಗಳು ಜನಪ್ರಿಯವಾದದ್ದು 2012ರ ಸುಮಾರಿಗೆ, ಬ್ರಿಟನ್ನಿನ ಮೈಕೆಲ್ ಮೋಸ್ಲಿಯವರು ವಾರದಲ್ಲಿ ಐದು ದಿನ ಮಾಮೂಲು ಊಟ, ಎರಡು ದಿನ ಅಲ್ಪಾಹಾರ ಎಂಬ ಕ್ರಮವನ್ನು ಪ್ರಚಾರಕ್ಕೆ ತಂದ ಮೇಲೆ. ಬಳಿಕ ಹದಿನಾರು ಗಂಟೆಯ ಕ್ರಮವೂ, ದಿನ ಬಿಟ್ಟು ದಿನದ ಉಪವಾಸವೂ ಹಬ್ಬಿದವು.

2016ರಲ್ಲಿ ಜಪಾನಿನ ಯೋಶಿನೋರಿ ಓಸುಮಿಯವರಿಗೆ ನೊಬೆಲ್ ಪಾರಿತೋಷಕ ಬಂದಾಗ, 'ಏಕಾದಶಿ ಉಪವಾಸವನ್ನು ವಿಜ್ಞಾನ ಒಪ್ಪಿತು' ಎಂಬ ಸಂದೇಶ ನಮ್ಮೆಲ್ಲರ ಮೊಬೈಲಿಗೂ ಬಂತು. ಅದನ್ನು ನಾನೂ ಹತ್ತು ಜನರಿಗೆ ಕಳಿಸಿದವನೇ. ಆಮೇಲೆ ಓದಿ ತಿಳಿದದ್ದು, ಅವರು ಶೋಧಿಸಿದ್ದು ಜೀವಕೋಶ ತನ್ನೊಳಗಿನ ಹಳೆಯ ಭಾಗಗಳನ್ನು ತಾನೇ ಅರಗಿಸಿಕೊಳ್ಳುವ ಕ್ರಿಯೆಯನ್ನು, ಅದೂ ರೊಟ್ಟಿ ಹುದುಗಿಸುವ ಯೀಸ್ಟಿನ ಕೋಶಗಳಲ್ಲಿ. ಮನುಷ್ಯ ಎಷ್ಟು ಗಂಟೆ ಹಸಿದಿರಬೇಕೆಂದು ಅವರು ಹೇಳಿಲ್ಲ. ನಮ್ಮ ವ್ರತಕ್ಕೆ ಸ್ವೀಡನ್ನಿನ ಪ್ರಮಾಣಪತ್ರದ ಅಗತ್ಯವೂ ಇಲ್ಲವೆನ್ನಿ.

ಹಾಗಾದರೆ ತೂಕದ ಪ್ರಶ್ನೆಗೆ ಪರೀಕ್ಷೆಗಳ ಉತ್ತರವೇನು? 2020ರಲ್ಲಿ ಅಮೆರಿಕಾದಲ್ಲಿ 116 ಮಂದಿಯ ಮೇಲೆ, ನಮ್ಮ ತರುಣನ ಕ್ರಮವನ್ನೇ, ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟು, ಹನ್ನೆರಡು ವಾರ ಪರೀಕ್ಷಿಸಿದರು. ಇಳಿದದ್ದು ಒಂದು ಕಿಲೋಗೂ ಕಡಿಮೆ. ಮೂರು ಹೊತ್ತು ಉಂಡವರಿಗೂ ಇವರಿಗೂ ಗಣ್ಯವಾದ ವ್ಯತ್ಯಾಸ ಕಾಣಲಿಲ್ಲ. ದೇಹರಚನೆಯನ್ನು ಅಳೆಯಲಾದ ಕೆಲವರಲ್ಲಿ, ಇಳಿದ ತೂಕದ ಹೆಚ್ಚಿನ ಪಾಲು ಕೊಬ್ಬಾಗಿರದೆ ಸ್ನಾಯು ಮುಂತಾದ ಕೊಬ್ಬಿಲ್ಲದ ಭಾಗವಾಗಿತ್ತು. 2022ರಲ್ಲಿ ಚೀನಾದ ಗ್ವಾಂಗ್‌ಝೌ ನಗರದಲ್ಲಿ 139 ಸ್ಥೂಲಕಾಯರಿಗೆ ಒಂದು ವರ್ಷ ಮಿತಾಹಾರ ಕೊಟ್ಟು, ಅರ್ಧದಷ್ಟು ಜನರಿಗೆ ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಉಣ್ಣಬೇಕೆಂಬ ಕಟ್ಟಳೆಯನ್ನೂ ಸೇರಿಸಿದರು. ಕಟ್ಟಳೆಯಿದ್ದವರು ಸರಾಸರಿ 8 ಕಿಲೋ, ಇಲ್ಲದವರು 6.3 ಕಿಲೋ ಇಳಿದರು. ಈ ಅಂತರ ಕಾಕತಾಳೀಯವೂ ಆಗಿರಬಹುದಾದಷ್ಟು ಚಿಕ್ಕದು. 2025ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಸಮೀಕ್ಷೆ 99 ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ಬಹುಮಟ್ಟಿಗೆ ಇದನ್ನೇ ಹೇಳಿತು: ಉಪವಾಸದಿಂದ ತೂಕ ಇಳಿಯುತ್ತದೆ, ಆದರೆ ದಿನವೂ ಸ್ವಲ್ಪ ಕಡಿಮೆ ಉಣ್ಣುವುದರಿಂದ ಇಳಿಯುವಷ್ಟೇ. ದಿನ ಬಿಟ್ಟು ದಿನದ ಕ್ರಮದಲ್ಲಿ ಮಾತ್ರ ಒಂದೂಕಾಲು ಕಿಲೋದಷ್ಟು ಹೆಚ್ಚು. ಆದರೆ ಆ ಕ್ರಮವನ್ನು ಮುಂದುವರಿಸುವುದೇ ಕಷ್ಟ. 2017ರಲ್ಲಿ ಪ್ರಕಟವಾದ ಒಂದು ವರ್ಷದ ಪರೀಕ್ಷೆಯಲ್ಲಿ ಅದನ್ನು ಹಿಡಿದವರಲ್ಲಿ ನೂರಕ್ಕೆ 38 ಮಂದಿ ನಡುವೆಯೇ ಬಿಟ್ಟುಹೋದರು.

ಒಂದು ದಿನದ ಉಪವಾಸದ ಮರುದಿನ ತಕ್ಕಡಿ ಒಂದೂವರೆ ಕಿಲೋ ಕಡಿಮೆ ತೋರಿಸಿತೆಂದು ಹಿಗ್ಗುವವರೂ ಇದ್ದಾರೆ. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ವ್ಯಯವಾಗಬೇಕು. ಒಂದು ದಿನ ಪೂರ್ತಿ ಉಣ್ಣದಿದ್ದರೆ ಉಳಿಯುವುದು ಹೆಚ್ಚೆಂದರೆ 2,000. ಎಂದರೆ ಕರಗಿದ ಕೊಬ್ಬು ಕಾಲು ಕಿಲೋ. ಉಳಿದದ್ದು ಯಕೃತ್ತು ಮತ್ತು ಸ್ನಾಯುಗಳಲ್ಲಿ ಸಂಗ್ರಹವಾಗಿದ್ದ ಪಿಷ್ಟ ಹಾಗೂ ಅದರೊಡನಿದ್ದ ನೀರು. ಪಾರಣೆಯಾದ ಎರಡು ದಿನಗಳಲ್ಲಿ ಅದು ಹಿಂದಿರುಗುತ್ತದೆ.

ನಮ್ಮವರಿಗೆ ವಿಶೇಷವಾಗಿ ಅನ್ವಯಿಸುವ ಇನ್ನೊಂದು ಸಂಗತಿಯಿದೆ. ಭಾರತೀಯರಲ್ಲಿ ಹೊರಗೆ ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೆಚ್ಚಿರುವುದನ್ನು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕರು ತೋರಿಸಿಕೊಟ್ಟಿದ್ದಾರೆ. ನಮ್ಮಲ್ಲಿ ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರದು 80 ದಾಟಬಾರದೆಂದು ವೈದ್ಯರು ಹೇಳುವುದು ಇದಕ್ಕಾಗಿ. ಆದುದರಿಂದ ಮೊದಲೇ ಕಡಿಮೆಯಿರುವ ಸ್ನಾಯುವನ್ನು ಕರಗಿಸಿ ತಕ್ಕಡಿಯನ್ನು ಮೆಚ್ಚಿಸುವುದರಲ್ಲಿ ಲಾಭವಿಲ್ಲ. ಉಣ್ಣುವ ಹೊತ್ತಿನಲ್ಲಿ ಬೇಳೆ, ಕಾಳು, ಮಜ್ಜಿಗೆ, ಸೊಪ್ಪು ಇರಬೇಕು, ಮೈ ದುಡಿಯಬೇಕು, ರಾತ್ರಿಯ ಊಟ ಬೇಗನೆ ಮುಗಿಯಬೇಕು. ಇಷ್ಟನ್ನು ಪಾಲಿಸುವ ಆರೋಗ್ಯವಂತ ವಯಸ್ಕನಿಗೆ ಹದಿನಾಲ್ಕೋ ಹದಿನಾರೋ ಗಂಟೆಯ ಉಪವಾಸದಿಂದ ಕೆಡುಕಿಲ್ಲ. ಅವನ ಸ್ವಭಾವಕ್ಕೆ ಹೊಂದಿದರೆ ಅದೊಂದು ಒಳ್ಳೆಯ ಉಪಾಯವೇ. ತರುಣನ ನಾಲ್ಕು ಕಿಲೋ ಇಳಿದದ್ದು ಗಡಿಯಾರದಿಂದಲ್ಲ, ರಾತ್ರಿ ಹನ್ನೊಂದರ ತಿಂಡಿ ನಿಂತದ್ದರಿಂದ ಎಂದು ನನ್ನ ಊಹೆ. ಬೆಳೆಯುವ ಮಕ್ಕಳು, ಗರ್ಭಿಣಿಯರು, ಬಾಣಂತಿಯರು, ತೂಕ ಕಡಿಮೆಯಿರುವವರು, ಊಟದ ವಿಷಯದಲ್ಲಿ ಮನಸ್ಸಿನ ಸಮತೋಲ ಕಳೆದುಕೊಂಡವರು ಈ ದಾರಿಗೆ ಹೋಗಲೇಬಾರದು.

ಸಕ್ಕರೆ ಕಾಯಿಲೆಯವರದು ಬೇರೆಯೇ ಮಾತು. ಗ್ಲಿಮೆಪಿರೈಡ್‌ನಂಥ ಮಾತ್ರೆಗಳೂ ಇನ್ಸುಲಿನ್ನೂ ಹೊಟ್ಟೆಗೆ ಅನ್ನ ಬೀಳಲಿ ಬೀಳದಿರಲಿ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಮೂತ್ರದಲ್ಲಿ ಸಕ್ಕರೆಯನ್ನು ಹೊರಹಾಕುವ ಡಾಪಾಗ್ಲಿಫ್ಲೋಜಿನ್‌ನಂಥವು ನಿರ್ಜಲ ಉಪವಾಸದಲ್ಲಿ ದೇಹದ ನೀರನ್ನು ಬತ್ತಿಸಿ, ರಕ್ತ ಆಮ್ಲವಾಗುವ ಅಪಾಯವನ್ನು ತರಬಹುದು. ಬಾಂದ್ರಾದ ನಮ್ಮ ಮುಸ್ಲಿಂ ನೆರೆಯವರ ರಂಜಾನ್ ಉಪವಾಸದ ಬಗ್ಗೆ 13 ದೇಶಗಳ 12,000ಕ್ಕೂ ಹೆಚ್ಚು ರೋಗಿಗಳನ್ನು ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ವಯಸ್ಕರಿಗೆ ಸಾಮಾನ್ಯವಾಗಿ ಬರುವ ಎರಡನೆಯ ಬಗೆಯ ಸಕ್ಕರೆ ಕಾಯಿಲೆಯವರಲ್ಲಿ ಆ ತಿಂಗಳು ಸಕ್ಕರೆ ತೀವ್ರವಾಗಿ ಕುಸಿಯುವ ಪ್ರಸಂಗಗಳು ಏಳೂವರೆ ಪಟ್ಟು ಹೆಚ್ಚಿದ್ದವು. ಅವರಲ್ಲಿ ಅನೇಕರು ಉಪವಾಸಕ್ಕೆ ಮೊದಲೇ ವೈದ್ಯರ ಬಳಿ ಹೋಗಿ ಮಾತ್ರೆಯ ಪ್ರಮಾಣವನ್ನೂ ಹೊತ್ತನ್ನೂ ಬದಲಿಸಿಕೊಳ್ಳುತ್ತಾರೆ. ಅದಕ್ಕಾಗಿ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಇದೆ. ನಮ್ಮ ಹಿರಿಯರು ಹದಿನೈದು ದಿನಕ್ಕೊಮ್ಮೆ ಉಪವಾಸವಿದ್ದರೂ ವೈದ್ಯರಿಗೆ ಅದನ್ನು ಹೇಳುವುದೇ ಇಲ್ಲ. ಹೇಳಿದರೆ 'ಬಿಡಿ' ಎಂದಾರೆಂಬ ಭಯ.

ಶಾಸ್ತ್ರವಾದರೋ ಈ ಭಯಕ್ಕೆ ಆಸ್ಪದ ಕೊಟ್ಟಿಲ್ಲ. ಎಂಟು ವರ್ಷ ದಾಟಿ ಎಂಬತ್ತು ತುಂಬದವರಿಗೆ ಏಕಾದಶಿ ಕಡ್ಡಾಯವೆಂದು ಸ್ಮೃತಿ ಹೇಳುತ್ತದೆ. ಎರಡು ಕಡೆಯೂ ಗೆರೆ ಎಳೆದಿದೆ. ವ್ರತವನ್ನು ಕೆಡಿಸದ ಎಂಟು ವಸ್ತುಗಳನ್ನು ಎಣಿಸುವ ಮಹಾಭಾರತದ ಉದ್ಯೋಗಪರ್ವದ ವಚನದಲ್ಲಿ ನೀರು, ಹಣ್ಣು, ಹಾಲುಗಳ ಜೊತೆಗೆ ಗುರುವಿನ ಮಾತೂ ಔಷಧವೂ ಸೇರಿವೆ. ನಮ್ಮ ಸಂಪ್ರದಾಯ ನಿರಾಹಾರವನ್ನೇ ಮುಖ್ಯ ಪಕ್ಷವೆಂದು ಹಿಡಿದಿದ್ದರೂ ಅಶಕ್ತರಿಗೆ ಅನುಕಲ್ಪವಿದೆ.

ಮಾವನವರನ್ನು ಅಂದು ಮೆಟ್ಟಿಲಿನಿಂದ ಎತ್ತಿ ಕೂರಿಸಿ, ಬಾಯಿಗೆ ಸಕ್ಕರೆ ನೀರು ಹಾಕಿದವನು ನಿಲ್ದಾಣದಲ್ಲಿ ಬೂಟ್ ಪಾಲಿಶ್ ಮಾಡುವ ಒಬ್ಬ ಹುಡುಗ. ಏಕಾದಶಿ ಭಂಗವಾಯಿತೆಂದು ಅವರು ಮೂರು ದಿನ ಕೊರಗಿದರು. ಮಠದಲ್ಲಿ ಹಿರಿಯ ಆಚಾರ್ಯರನ್ನು ಕೇಳಿದಾಗ ಅವರು ಉದ್ಯೋಗಪರ್ವದ ಆ ವಚನವನ್ನೇ ಹೇಳಿ, "ನಿಮ್ಮ ಡಾಕ್ಟರಿಗೆ ಪಂಚಾಂಗ ತೋರಿಸಿ ಬನ್ನಿ ರಾಯರೇ" ಎಂದು ಕಳುಹಿಸಿದರು. ಮಾವನವರು ನಿಜವಾಗಿಯೂ ಪಂಚಾಂಗ ಹಿಡಿದುಕೊಂಡೇ ಹೋದರು. ವೈದ್ಯರು ಇಡೀ ವರ್ಷದ ಏಕಾದಶಿಗಳನ್ನು ಗುರುತು ಹಾಕಿಕೊಂಡು, ಆ ದಿನದ ಬೆಳಗಿನ ಮಾತ್ರೆಯನ್ನು ನಿಲ್ಲಿಸಿ, ಮಧ್ಯಾಹ್ನ ಹಾಲು ಮತ್ತು ಒಂದು ಹಣ್ಣು, ಬೆರಳು ಚುಚ್ಚಿ ಸಕ್ಕರೆಯ ಪರೀಕ್ಷೆ ಎಂದು ಬರೆದುಕೊಟ್ಟರು. ಆ ಚೀಟಿ ಈಗ ದೇವರ ಮನೆಯ ಗೋಡೆಯಲ್ಲಿ, ಪಂಚಾಂಗದ ಪಕ್ಕದಲ್ಲೇ ತೂಗುತ್ತಿದೆ. ದ್ವಾದಶಿಯ ಬೆಳಗ್ಗೆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ನೆಲ್ಲಿಕಾಯಿ ಹುಡುಕುವವರು ಇಂದಿಗೂ ಅವರೇ.